ಕೆಂಪು ಗೆರೆಯನ್ನು ತಿದ್ದಿದ ಮೇಷ್ಟ್ರು

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬಹಳ ವರ್ಷ ಶಾಲೆಯಲ್ಲಿ ಪಾಠ ಹೇಳಿ, ತಲೆ ನರೆಯತೊಡಗಿದ ಮೇಲೆ ರಜೆ ಹಾಕಿ ನನ್ನ ಮಾರ್ಗದರ್ಶನದಲ್ಲಿ ಡಾಕ್ಟರೇಟಿಗೆ ಬಂದವರು. ಗೋಡೆಗೆ ಅಂಟಿಸಿದ ಸೂಚನೆಗಳನ್ನೂ ಬಿಡದೆ ತಿದ್ದುತ್ತಿದ್ದರು. ಮಹಾ ಚುರುಕೇನಲ್ಲ; ಹಿಡಿದದ್ದನ್ನು ಬಿಡುವವರೂ ಅಲ್ಲ.

ಕತ್ತಲೆಯಲ್ಲಿ ಬೆಳೆಸಿದ ಬೀನ್ಸ್ ಮೊಳಕೆಗಳನ್ನು ಶೀತಲ ಕೋಣೆಯಲ್ಲಿ ಸ್ವೆಟರ್ ತೊಟ್ಟು ಅರೆದು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಅವರು ಬೇರ್ಪಡಿಸುತ್ತಿದ್ದರು. ಅವುಗಳೊಳಗೆ ಟಿ-ಆರ್‌ಎನ್‌ಎ ಎಂಬ ಪುಟ್ಟ ಅಣುಗಳಿವೆ. ಪ್ರೋಟೀನು ಕಟ್ಟಲು ಸಾಮಾನು ಹೊರುವ ಆಳುಗಳು. ಮೊದಲು ಉದ್ದವಾಗಿ ಹುಟ್ಟಿ, ಎರಡೂ ತುದಿ ಕತ್ತರಿಸಿಕೊಂಡ ಮೇಲೆ ಕೆಲಸಕ್ಕಿಳಿಯುತ್ತವೆ. ಕತ್ತರಿ ಬೀಳುವ ಮುಂಚೆ ಅಣುವಿನ ಘಟಕಗಳು ಎದುರುಬದುರು ಜೋಡಿ ಕೂಡಿ ಅದು ಮಡಚಿಕೊಳ್ಳಬೇಕು. ಮೇಷ್ಟ್ರು ಹಿಡಿದ ಅಣುವಿನಲ್ಲಿ, ಜೀನು ಹೇಳಿದ ಪ್ರಕಾರ, ಒಂದು ಜೋಡಿ ಕೂಡುವುದೇ ಇಲ್ಲ. ಸರಿಯಾಗಿ ಮಡಚಿಕೊಳ್ಳದ ಅಣುವಿನ ತುದಿ ಕತ್ತರಿಸುವುದು ಹೇಗೆ? ಉತ್ತರ ಸಿಗದೆ ರಜೆ ಮುಗಿಯುತ್ತ ಬಂತು. ಪ್ರಬಂಧವಿಲ್ಲದೆ ಮರಳಿದರೆ ಶಾಲೆಯವರು ಇನ್ನೊಮ್ಮೆ ಕಳಿಸುತ್ತಿರಲಿಲ್ಲ.

ಅಣುವಿನ ಘಟಕಗಳನ್ನು ಸಾಲಾಗಿ ಓದುವ ಯಂತ್ರದ ಪರದೆ ತೋರಿಸಿ ಎಂದೆ. ಒಂದೊಂದು ಬಗೆಯ ಘಟಕಕ್ಕೂ ಒಂದೊಂದು ಬಣ್ಣ. ಆ ಜೋಡಿಯ ಜಾಗದಲ್ಲಿ ಎತ್ತರದ ಕೆಂಪು ಗೆರೆ ನಿಂತಿತ್ತು.

"ನೀವು ನೀಲಿ ಅಂತ ಬರೆದಿದೀರಲ್ಲ?"

"ಜೀನಿನಲ್ಲಿ ನೀಲಿನೇ ಇರೋದು, ಮೇಡಂ. ಯಂತ್ರದ ತಪ್ಪು ಅಂತ ತಿದ್ದಿದೆ."

"ಎಷ್ಟು ಸಲ?"

"ಪ್ರತಿ ಸಲಾನೂ."

"ಕ್ಲಾಸಲ್ಲಿ ಎಲ್ಲರೂ ಒಂದೇ ಉತ್ತರ ಬರೆದ್ರೆ ಏನಂತೀರಿ?"

"ಕಾಪಿ ಹೊಡೆದಿದಾರೆ ಅಂತೀನಿ."

ನನ್ನ ಸಹಾಯಕಿ ಮುಖ ತಿರುಗಿಸಿಕೊಂಡು ನಕ್ಕಳು.

"ಪ್ರೋಟೀನಿನ ಸಂದೇಶ ಹೊರೋ ಆರ್‌ಎನ್‌ಎನ, ಜೀನಿಂದ ನಕಲಾದ ಮೇಲೆ, ಗಿಡಾನೇ ತಿದ್ದುತ್ತೆ ಅಂತ ಓದಿಲ್ವಾ?"

"ಓದಿದೀನಿ. ಇದನ್ನೂ ತಿದ್ದಬಹುದು ಅಂತ ಹೊಳೀಲಿಲ್ಲ."

"ಗಿಡ ತಿದ್ದಿಟ್ಟಿದ್ದನ್ನ ನೀವು ಕೆಡಿಸಿದೀರಿ, ಮೇಷ್ಟ್ರೇ. ಕೆಂಪಿಟ್ಟು ನೋಡಿ, ಜೋಡಿ ಕೂಡುತ್ತೆ."

ಅವರು ಕನ್ನಡಕ ತೆಗೆದು ಒರೆಸಿದರು. ಬೈಯಲು ನನಗೂ ಮನಸ್ಸಾಗಲಿಲ್ಲ.

ಇನ್ನೂ ಕತ್ತರಿಸದ ಉದ್ದನೆಯ ಅಣುಗಳನ್ನು ಹಿಡಿಯಲು ಮತ್ತೆ ಸ್ವೆಟರ್ ಏರಿಸಿದರು. ಆ ಜಾಗದಲ್ಲಿ ಅವುಗಳಲ್ಲಿ ಹೆಚ್ಚಿನವು ನೀಲಿ, ಕತ್ತರಿಸಿಕೊಂಡವೆಲ್ಲ ಕೆಂಪು. ಅಂದರೆ ತಿದ್ದುಪಡಿ ಮೊದಲು, ಕತ್ತರಿ ಆಮೇಲೆ. ಇಷ್ಟು ಸಾಕಾಗಿತ್ತು. ರಜೆ ಮುಗಿಯುವ ಮುಂಚೆ ಪ್ರಬಂಧ ಒಪ್ಪಿಸಿದರು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, ಮೊದಲಿನ ಫಲಿತಾಂಶಗಳಲ್ಲಿ ಮಾತ್ರ ಇದು ಯಾಕೆ ಕಾಣಲಿಲ್ಲ ಎಂದು ಕೇಳಿದರು.

"ಕಂಡಿತ್ತು ಸರ್. ನಾನೇ ಅಳಿಸಿದ್ದೆ."

ಪರೀಕ್ಷಕರು ಮುಂದೆ ಕೆದಕದೆ ಸಹಿ ಹಾಕಿದರು. ಹೊರಗೆ ಕಾದಿದ್ದ ಮೇಷ್ಟ್ರ ಹೆಂಡತಿಗೆ ವಿಷಯ ತಿಳಿಸಿದೆ.

"ಪುಣ್ಯ," ಎಂದರು ಆಕೆ. "ಮನೇಲಿ ನನ್ನ ಮಾತು ತಿದ್ದೋದನ್ನೂ ಬಿಟ್ಟಿದಾರೆ, ಮೇಡಂ. ಎಷ್ಟು ದಿನವೋ ನೋಡೋಣ."