ಮಾವನವರ ಕಡ್ಡಿ ಮೀನುಗಳು

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಆ ಬಡಾವಣೆಯಲ್ಲಿ ಎಲ್ಲಿ ನಿಂತರೂ ಹಸಿ ಸುಣ್ಣದ ವಾಸನೆ. ಹೊಸ ಮನೆಗಳು, ಹೊಸ ರಸ್ತೆಗಳು, ಇನ್ನೂ ನೆರಳು ಕೊಡುವಷ್ಟು ಬೆಳೆಯದ ಗಿಡಗಳು. ನನ್ನ ತವರು ಮೂಡಲಪಾಳ್ಯ. ಆಗ ಅದು ರಾಗಿ ಹೊಲಗಳ ನಡುವಿನ ಸಣ್ಣ ಹಳ್ಳಿ. ಲೋವರ್ ಸೆಕೆಂಡರಿ ಆದಮೇಲೆ ನನ್ನನ್ನು ಸ್ಕೂಲು ಬಿಡಿಸಿದ್ದರು. ನನ್ನ ಗಂಡ ಮನೆಗೆ ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ನಾವಿಬ್ಬರು ಮತ್ತು ಮಾವನವರು, ಅಷ್ಟೇ ಜನ.

ಮಾವನವರು ಉಪ್ಪಿನ ಇಲಾಖೆಯಲ್ಲಿದ್ದವರು. ಮದರಾಸಿನ ಕಡೆಯ ಕಡಲತೀರದಲ್ಲಿ, ಉಪ್ಪಿನ ಗದ್ದೆಗಳ ನಡುವೆ ಮೂವತ್ತು ವರ್ಷ ಕಳೆದು ಪಿಂಚಣಿಯ ಮೇಲೆ ಊರಿಗೆ ಬಂದಿದ್ದರು. ಬೆಂಗಳೂರಿನ ಹವೆ ಹಿತವಾಗಿದೆ ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ಆದರೆ ಸಮುದ್ರವಿಲ್ಲದ ಊರಿನಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಅದಕ್ಕೇ ನಡುಮನೆಯಲ್ಲಿ ಉಪ್ಪುನೀರಿನ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದರು. ಕಬ್ಬಿಣದ ಚೌಕಟ್ಟನ್ನು ನನ್ನ ಗಂಡನೇ ಮಾಡಿ, ಗಾಜು ಕೂರಿಸಿ, ಸಂದುಗಳಿಗೆಲ್ಲ ಟಾರು ಬಳಿದಿದ್ದರು. ನೀರಿಗೆ ಗಾಳಿ ಕೊಡಲು ಲಾರಿಯ ಹಳೇ ಟ್ಯೂಬು. ಅದಕ್ಕೆ ಬೆಳಿಗ್ಗೆ ಸಂಜೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಸಣ್ಣ ರಬ್ಬರ್ ಕೊಳವೆಯಲ್ಲಿ ನೀರಿಗೆ ಗುಳ್ಳೆ ಗುಳ್ಳೆಯಾಗಿ ಬಿಡುತ್ತಿದ್ದರು. ಸಮುದ್ರದ ನೀರನ್ನು ತರುತ್ತಿದ್ದವರು ನನ್ನ ಗಂಡನ ಸೋದರಮಾವ. ಅವರು ಮದರಾಸು ರೈಲಿನಲ್ಲಿ ಗಾರ್ಡ್. ಬೆತ್ತದ ಬುಟ್ಟಿಯಲ್ಲಿ ಕೂರಿಸಿದ ದೊಡ್ಡ ಗಾಜಿನ ಜಾಡಿಗಳು ಅವರ ಜೊತೆ ಬಂದು, ಸ್ಟೇಷನ್ನಿನಿಂದ ಜಟಕಾ ಏರಿ ನಮ್ಮ ಬಾಗಿಲಿಗೆ ಇಳಿಯುತ್ತಿದ್ದವು. ತಾಮ್ರ ಹಿತ್ತಾಳೆಯ ಪಾತ್ರೆ ಆ ನೀರಿಗೆ ಸೋಕಕೂಡದು, ಸೋಕಿದರೆ ಮೀನು ಸಾಯುತ್ತದೆ ಎನ್ನುವುದು ಆ ಮನೆಯಲ್ಲಿ ನಾನು ಕಲಿತ ಮೊದಲ ನಿಯಮ.

ನಾನು ಹೋದ ಹೊಸತರಲ್ಲಿ ಗಾರ್ಡ್ ಮಾವ ಮೂರು ಕಡ್ಡಿ ಮೀನುಗಳನ್ನು ತಂದರು. ಹಿನ್ನೀರಿನ ಬೆಸ್ತರ ಬಲೆಗೆ ಸಿಕ್ಕಿದ್ದವು. ಇಂಗ್ಲಿಷಿನಲ್ಲಿ ಪೈಪ್‌ಫಿಶ್ ಎನ್ನುತ್ತಾರೆಂದು ಮಾವನವರೇ ಹೇಳಿದ್ದು. ಗೇಣುದ್ದದ ತೆಂಗಿನ ಪೊರಕೆಕಡ್ಡಿಗೆ ಕುದುರೆಯ ಮೂತಿ ಇಟ್ಟಹಾಗಿದ್ದವು. ನೀರಿನೊಳಗಿನ ಹುಲ್ಲಿನ ಎಸಳುಗಳ ಮಧ್ಯೆ ನೆಟ್ಟಗೆ ನಿಂತರೆ ಯಾವುದು ಹುಲ್ಲು, ಯಾವುದು ಮೀನು ಎಂದು ತಿಳಿಯುತ್ತಿರಲಿಲ್ಲ. ಅವಕ್ಕೆ ಅವಸರ ಎಂಬುದೇ ಇಲ್ಲ. ಬೆನ್ನಿನ ಮೇಲಿನ ರೆಕ್ಕೆ ಮಾತ್ರ ಸಣ್ಣಗೆ ನಡುಗುತ್ತಿತ್ತು. ಆಹಾರದ ಹತ್ತಿರ ಬಂದು, ಎರಡೂ ಕಣ್ಣುಗಳಿಂದ ಅದನ್ನು ಪರೀಕ್ಷಿಸಿ, ಮನಸ್ಸಿಗೆ ಬಂದರೆ ಮೂತಿಯಿಂದ ಸೆಳೆದುಕೊಳ್ಳುತ್ತಿದ್ದವು. ಅಷ್ಟರಲ್ಲಿ ಆಹಾರ ದೂರ ಹೋಗಿದ್ದರೆ ಬೆನ್ನಟ್ಟುತ್ತಿರಲಿಲ್ಲ.

ಮಾವನವರ ಎದುರು ನಾನು ಕೂರುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಅವರು ಗದರಿಸುವವರೇನಲ್ಲ. ನಮ್ಮ ಕಡೆ ಸೊಸೆಯರು ಹಾಗೇ ಇರುತ್ತಿದ್ದರು. ಊಟಕ್ಕೆ ಬಡಿಸಿ ಅಡುಗೆಮನೆ ಬಾಗಿಲ ಹಿಂದೆ ನಿಲ್ಲುವುದು, ಬೇಕಾದದ್ದನ್ನು ಗಂಡನ ಮೂಲಕ ತಿಳಿಸುವುದು. ಆದರೆ ಕಸ ಗುಡಿಸುವಾಗ, ಒರೆಸುವಾಗ ನನ್ನ ಕಣ್ಣು ತೊಟ್ಟಿಯ ಕಡೆಗೇ ಹೋಗುತ್ತಿತ್ತು. ಅದೇ ತೊಟ್ಟಿಯಲ್ಲಿ ಪಟ್ಟೆಪಟ್ಟೆಯ ಚುರುಕು ಮೀನೊಂದಿತ್ತು. ಮಾವನವರು ಚಮಚದಲ್ಲಿ ಹುಳ ಹಾಕಿದ ಕೂಡಲೇ ಅದು ನುಗ್ಗಿ ಬಂದು ಎಲ್ಲವನ್ನೂ ನುಂಗುತ್ತಿತ್ತು. ಕಡ್ಡಿ ಮೀನುಗಳು ಮೂತಿ ತಿರುಗಿಸುವಷ್ಟರಲ್ಲಿ ನೀರು ಖಾಲಿ. ಮಾವನವರು ಮಾತ್ರ ಗಾಜಿನ ಹತ್ತಿರ ಮುಖ ಇಟ್ಟು, ಚೆನ್ನಾಗಿ ತಿಂತಾ ಇದಾವೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಒಂದು ದಿನ ತಡೆಯಲಾರದೆ ಬಾಗಿಲ ಹಿಂದಿನಿಂದಲೇ ಹೇಳಿದೆ. "ಮಾವ, ಕಡ್ಡಿ ಮೀನಿಗೆ ಒಂದೂ ಸಿಕ್ತಾ ಇಲ್ಲ. ಪಟ್ಟೆ ಮೀನೇ ಎಲ್ಲಾ ತಿಂದ್ಬಿಡುತ್ತೆ."

ಅವರು ತಿರುಗಿ ನೋಡಿದರು. ಎಷ್ಟು ದಿನದಿಂದ ನೋಡುತ್ತಿದ್ದೀಯ ಎಂದು ಕೇಳಿದರು. ಎಂಟು ದಿನ ಎಂದೆ. ಎಂಟು ದಿನ ಯಾಕೆ ಸುಮ್ಮನಿದ್ದೆ ಎಂದರು. ಆಮೇಲೆ ಅವರು ಕುರ್ಚಿಯಲ್ಲಿ ಕೂತು, ಮಗನಿಗೂ ಹೇಳದೆ ಮುಚ್ಚಿಟ್ಟಿದ್ದನ್ನು ನನಗೆ ಹೇಳಿದರು.

"ನಂಗೆ ಕಾಣಿಸ್ತಾ ಇಲ್ಲಮ್ಮ. ಅಂದಾಜಿನ ಮೇಲೆ ಹಾಕ್ತಾ ಇದ್ದೆ."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು, ಪೊರೆ ಇನ್ನೂ ಹಣ್ಣಾಗಿಲ್ಲ, ಕಾಯಬೇಕು ಎಂದರಂತೆ. ಆವತ್ತೇ ಪಟ್ಟೆ ಮೀನನ್ನು ಬೇರೆ ಜಾಡಿಗೆ ಹಾಕಿದೆವು. ಮುಂದಿನ ಸಲ ಗಾರ್ಡ್ ಮಾವ ಅದನ್ನು ವಾಪಸು ತೆಗೆದುಕೊಂಡು ಹೋದರು. ತೊಟ್ಟಿಯಲ್ಲಿ ಜಗಳಗಂಟರಿಲ್ಲದ ಮೇಲೆ ಕಡ್ಡಿ ಮೀನುಗಳು ಹುಲ್ಲಿನಿಂದ ಹೊರಗೆ ಬಂದು, ನಿಧಾನವಾಗಿ, ಒಂದೊಂದೇ ಹುಳ ತಿನ್ನತೊಡಗಿದವು. ಹತ್ತಿರ ಕಿವಿ ಇಟ್ಟರೆ ಟಿಕ್ ಎನ್ನುವ ಸಣ್ಣ ಸದ್ದೂ ಕೇಳಿಸುತ್ತಿತ್ತು.

ಅಂದಿನಿಂದ ಮೀನುಗಳ ಊಟ ನನ್ನ ಕೆಲಸವಾಯಿತು. ಆ ಮೀನುಗಳಿಗೆ ಜೀವವಿರುವ ಹುಳವೇ ಬೇಕು. ಅದಕ್ಕೆ ಮಾವನವರು ಪಡುತ್ತಿದ್ದ ಪಾಡು ನೋಡಿ, ನಮ್ಮೂರ ಕೆರೆಯಲ್ಲಿ ಬೇಕಾದಷ್ಟಿದೆ ಎಂದೆ. ಬೆಳಗಿನ ಹೊತ್ತು ಕೆರೆಯಂಚಿನ ನೀರಿನಲ್ಲಿ ಕೆಂಪು ಚುಕ್ಕಿಗಳು ಮೋಡದ ಹಾಗೆ ಆಡುತ್ತಿದ್ದುದನ್ನು ಬಟ್ಟೆ ಒಗೆಯಲು ಹೋದಾಗಲೆಲ್ಲ ನೋಡಿದ್ದೆ. ಅವು ನೀರುಚಿಗಟ ಎಂದು ಮಾವನವರಿಂದ ತಿಳಿಯಿತು. ವಾರಕ್ಕೆರಡು ಸಲ ಗಂಡ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಹಳೇ ಪಂಚೆಯಲ್ಲಿ ನೀರು ಸೋಸಿ ಮಡಕೆ ತುಂಬಿಸಿಕೊಂಡು, ತವರಿನಲ್ಲಿ ಒಂದು ಲೋಟ ಕಾಫಿ ಕುಡಿದು ಬರುತ್ತಿದ್ದೆವು. ಆ ಸಿಹಿನೀರಿನ ಹುಳಗಳು ಉಪ್ಪುನೀರಿಗೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತವೆ. ಹಾಗಾಗಿ ಒಂದೊಂದು ಸಲಕ್ಕೆ ಹತ್ತಿಪ್ಪತ್ತು ಮಾತ್ರ ಹಾಕಬೇಕು. ದಿನಕ್ಕೆ ಏಳೆಂಟು ಸಲ. ಸತ್ತದ್ದನ್ನು ಗಾಜಿನ ಕೊಳವೆಯಿಂದ ಹೀರಿ ತೆಗೆಯಬೇಕು. ಸಾರು ಕುದಿಯುವ ನಡುವೆ, ರೊಟ್ಟಿ ತಟ್ಟುವ ನಡುವೆ ಕೈ ತೊಳೆದುಕೊಂಡು ಬಂದು ಹಾಕುತ್ತಿದ್ದೆ.

ಮಾವನವರು ಪಕ್ಕದಲ್ಲಿ ಕೂತು ಏನಾಗುತ್ತಿದೆ ಎಂದು ಕೇಳುತ್ತಿದ್ದರು. ನಾನು ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಒಂದು ದಿನ ಇಲಾಖೆಯ ಕಾಲದ ಗೆರೆ ಹಾಕಿದ ದಪ್ಪ ಪುಸ್ತಕವೊಂದನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟು ದಿನಾ ಬರೆಯಲು ಹೇಳಿದರು. "ಕಂಡಿದ್ದನ್ನ ಬರಿ. ಅನ್ಕೊಂಡಿದ್ದನ್ನ ಬರೀಬೇಡ." ನನ್ನ ಬರವಣಿಗೆ ಆಗ ಕೋಳಿಕಾಲು. ಕಾಗುಣಿತವೂ ತಪ್ಪುತ್ತಿತ್ತು. ಆದರೂ ನೀರಿನ ಉಪ್ಪು ಎಷ್ಟಿದೆ, ಯಾವ ಮೀನು ಎಷ್ಟು ತಿಂದಿತು, ಯಾವುದು ಯಾವುದರ ಹಿಂದೆ ಸುತ್ತಿತು, ಎಲ್ಲ ಬರೆದೆ.

ಸ್ವಲ್ಪ ದಿನಕ್ಕೆ ಒಂದು ಮೀನಿನ ಹೊಟ್ಟೆ ಊದಿದ್ದು ಕಂಡಿತು. ಕಾಯಿಲೆ ಎಂದು ಹೆದರಿ ಹೇಳಿದರೆ ಮಾವನವರು ನಕ್ಕರು. ಈ ಜಾತಿಯಲ್ಲಿ ಮೊಟ್ಟೆ ಹೊರುವವನು ಗಂಡು ಎಂದು ವಿವರಿಸಿದರು. ನನ್ನ ಗಂಡನಿಗೆ ಹೇಳಿದಾಗ ಅವರು ತುತ್ತನ್ನು ಅರ್ಧಕ್ಕೇ ನಿಲ್ಲಿಸಿ, ಇದನ್ನ ಕಾರ್ಖಾನೆಯಲ್ಲಿ ಹೇಳಿದರೆ ಯಾರೂ ನಂಬಲ್ಲ ಎಂದರು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ತೊಟ್ಟಿಯ ತುಂಬ ಕೂದಲೆಳೆಯಂಥ ಮರಿಗಳು. ಎಣಿಸಲು ನೋಡಿ, ನಲವತ್ತರ ಹತ್ತಿರ ಬಂದು ಲೆಕ್ಕ ತಪ್ಪಿತು. ಮಾವನವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಅದೇ ವಾರ ಮಾವನವರು ಮತ್ತೆ ಕಣ್ಣು ತೋರಿಸಲು ಆಸ್ಪತ್ರೆಗೆ ಹೋದರು. ಪೊರೆ ಹಣ್ಣಾಗಿತ್ತು. ಆಪರೇಷನ್ ಆದಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ಅಲುಗದಂತೆ ಮಲಗಿಸಿದರು. ಅಳಬಾರದು, ಮನಸ್ಸಿಗೆ ಬೇಸರವಾಗಬಾರದು ಎಂದು ಡಾಕ್ಟರು ನಮ್ಮನ್ನು ಹೊರಗೆ ಕರೆದು ಎಚ್ಚರಿಸಿದರು.

ಮನೆಯಲ್ಲಿ ಮರಿಗಳು ಸಾಯತೊಡಗಿದ್ದವು. ನೀರುಚಿಗಟ ಅವುಗಳ ಬಾಯಿಗೆ ದೊಡ್ಡದು. ಅದಕ್ಕಿಂತ ಸಣ್ಣದು ನನಗೆ ಎಲ್ಲೂ ಸಿಗಲಿಲ್ಲ. ಐದನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಅದರ ಮರುದಿನ ಅವನ್ನು ಹೊತ್ತ ಗಂಡು ಮೀನು ಹುಲ್ಲಿನ ಬುಡದಲ್ಲಿ ಅಡ್ಡಬಿದ್ದಿತ್ತು. ನನ್ನ ಕೈಯಿಂದಲೇ ಏನೋ ತಪ್ಪಾಗಿದೆ ಎಂದು ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ. ಸಂಜೆ ಆಸ್ಪತ್ರೆಗೆ ಊಟ ತೆಗೆದುಕೊಂಡು ಹೋದಾಗ ಮಾವನವರು ಕೇಳಿದ ಮೊದಲ ಮಾತು, ಮರಿಗಳು ಹೇಗಿದಾವೆ.

"ಇದಾವೆ ಮಾವ. ಎಲ್ಲಾ ಚೆನ್ನಾಗಿದಾವೆ."

ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅದನ್ನೇ ಹೇಳಿದೆ. ಮನೆಗೆ ಬಂದು ಪುಸ್ತಕ ತೆರೆದರೆ ಕೈ ಸುಳ್ಳು ಬರೆಯುತ್ತಿರಲಿಲ್ಲ. ಇವತ್ತು ಒಂಬತ್ತು ಮರಿ ಸತ್ತವು. ಇವತ್ತು ಉಳಿದವೂ ಸತ್ತವು. ಇವತ್ತು ಗಂಡು ಸತ್ತಿತು, ಕಾರಣ ತಿಳಿಯಲಿಲ್ಲ. ಮಾವನಿಗೆ ಹೇಳಲಿಲ್ಲ ಎಂಬುದನ್ನೂ ಬರೆದೆ.

ದಪ್ಪ ಕನ್ನಡಕ ಬರುವ ಹೊತ್ತಿಗೆ ಒಂದು ತಿಂಗಳ ಮೇಲಾಗಿತ್ತು. ಅವರು ಮನೆಗೆ ಬಂದ ಮೇಲೂ ಕೇಳಿದಾಗಲೆಲ್ಲ ಮಾತು ಹಾರಿಸಿದ್ದೆ. ಕನ್ನಡಕ ಹಾಕಿಕೊಂಡವರೇ ತೊಟ್ಟಿಯ ಮುಂದೆ ಕೂತರು. ಮರಿ ಒಂದೂ ಇರಲಿಲ್ಲ. ಎರಡು ದೊಡ್ಡ ಮೀನು ಎಣಿಸಿದರು. ಹುಲ್ಲಿನೊಳಗೆ ಮೂರನೆಯದನ್ನು ತುಂಬ ಹೊತ್ತು ಹುಡುಕಿದರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಆಮೇಲೆ ಪುಸ್ತಕ ತರಲು ಹೇಳಿದರು. ಆ ಹಾಳೆಗಳನ್ನು ಹರಿದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಹರಿಯದೆ ಕೊಟ್ಟೆ.

ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಓದಿ ಮುಗಿಸಿ, ಎದುರಿನ ಕುರ್ಚಿ ತೋರಿಸಿ ಕೂರಲು ಹೇಳಿದರು. ನಾನು ಅವರೆದುರು ಕೂತದ್ದು ಅದೇ ಮೊದಲು.

"ನನ್ನ ಹತ್ರ ಸುಳ್ಳು ಹೇಳಿದೆ. ಅದು ನನ್ನ ಕಣ್ಣಿಗೋಸ್ಕರ, ಗೊತ್ತಾಯ್ತು," ಎಂದರು. "ಪುಸ್ತಕಕ್ಕೆ ಸುಳ್ಳು ಹೇಳ್ಲಿಲ್ಲವಲ್ಲಮ್ಮ. ಮೂವತ್ತು ವರ್ಷ ನನ್ನ ಕೈಕೆಳಗಿದ್ದ ಎಷ್ಟೋ ಜನಕ್ಕೆ ಇದು ಬರ್ಲಿಲ್ಲ."

ನನ್ನಿಂದಲೇ ಸತ್ತವೇನೋ ಎಂದು ಕೇಳಿದೆ. ಮರಿಗಳನ್ನು ಮನೆಯಲ್ಲಿ ಉಳಿಸುವುದು ತಮ್ಮ ಕೈಯಲ್ಲೂ ಆಗುತ್ತಿರಲಿಲ್ಲ, ಆ ಮೀನಿಗೂ ವಯಸ್ಸಾಗಿತ್ತು ಎಂದರು. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ, ಸ್ಕೂಲು ಯಾಕೆ ಬಿಟ್ಟೆ ಎಂದು ಕೇಳಿದರು. ಬಿಡಿಸಿದರು ಎಂದೆ.

ಸಂಜೆ ಮಗ ಕೆಲಸದಿಂದ ಬಂದೊಡನೆ, ಸೊಸೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಬೇಕು ಎಂದು ಹೇಳಿದರು. ಅನುಮತಿ ಕೇಳುವ ದನಿ ಅದಾಗಿರಲಿಲ್ಲ. ನನ್ನ ಗಂಡ ಷೂ ಬಿಚ್ಚುತ್ತಾ, ಓದ್ಲಿ ಬಿಡಿ ಎಂದಷ್ಟೇ ಅಂದರು. ಅವರಿಗೂ ನಾನು ಋಣಿ. ಆ ಕಾಲದಲ್ಲಿ ಅಷ್ಟು ಸುಲಭವಾಗಿ ಆ ಮಾತು ಹೇಳುವ ಗಂಡಸರು ನಮ್ಮ ಬೀದಿಯಲ್ಲಿ ಹೆಚ್ಚು ಜನ ಇರಲಿಲ್ಲ.

ಮೊದಲ ಸಲ ಗಣಿತದಲ್ಲಿ ಫೇಲಾದೆ. ಮಾವನವರು ಮರುದಿನ ಬೆಳಿಗ್ಗೆಯೇ ಸ್ಲೇಟು ಹಿಡಿದು ನನ್ನ ಮುಂದೆ ಕೂತರು. ಎರಡನೆಯ ಸಲ ಪಾಸಾಯಿತು. ಆಮೇಲೆ ಟ್ರೈನಿಂಗು, ಆಮೇಲೆ ಬಸವೇಶ್ವರನಗರದ ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ ಕೆಲಸ.

ಅಷ್ಟರಲ್ಲಿ ಗಾರ್ಡ್ ಮಾವನಿಗೆ ಬೇರೆ ಲೈನಿಗೆ ವರ್ಗವಾಗಿ ಸಮುದ್ರದ ನೀರು ಬರುವುದು ನಿಂತಿತ್ತು. ಉಳಿದ ಎರಡು ಮೀನುಗಳನ್ನು ಅವರೇ ಕೊನೆಯ ಸಲ ಬಂದಾಗ ಮಣ್ಣಿನ ಮಡಕೆಯಲ್ಲಿ ತೆಗೆದುಕೊಂಡು ಹೋಗಿ, ಹಿಡಿದ ಹಿನ್ನೀರಿಗೇ ಬಿಟ್ಟರು. ಬಿಟ್ಟಾಗ ಬದುಕಿದ್ದವು ಎಂದು ಕಾರ್ಡು ಬರೆದಿದ್ದರು. ಖಾಲಿ ತೊಟ್ಟಿಯನ್ನು ನೋಡಲಾರೆ ಎಂದು ಮಾವನವರು ಅದನ್ನು ಬಿಚ್ಚಿಸಿಬಿಟ್ಟರು.

ಅವರು ಇನ್ನೂ ಹನ್ನೊಂದು ವರ್ಷ ನಮ್ಮ ಜೊತೆಗಿದ್ದರು. ನಾನು ಶಾಲೆಯಿಂದ ಬರುವ ಹೊತ್ತಿಗೆ ಜಗಲಿಯ ಮೇಲೆ ಕೂತು ಕಾಯುತ್ತಿದ್ದರು. ಯಾವ ಮಗು ಇವತ್ತು ಬಂದಿತ್ತು, ಯಾವುದು ಬರಲಿಲ್ಲ, ಯಾಕೆ ಬರಲಿಲ್ಲ, ಎಲ್ಲ ಹೇಳಬೇಕಿತ್ತು. ನನ್ನ ತರಗತಿಯ ಅಷ್ಟೂ ಮಕ್ಕಳ ಹೆಸರು, ಒಬ್ಬರ ಮುಖವನ್ನೂ ನೋಡದೆ, ಅವರಿಗೆ ಬಾಯಿಪಾಠವಾಗಿತ್ತು.