ರೋಣದಲ್ಲಿ ಓಡದ ಸ್ಕ್ರಿಪ್ಟು

ಗಜೇಂದ್ರಗಡದ ಸುಧಾರಾಣಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವ್ವ ವೀರವ್ವ ಮಗ್ಗದಲ್ಲಿ ಸೀರೆ ನೇಯುತ್ತಿದ್ದರೆ, ಇವಳು ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಸೀರೆಯಂಚಿನ ನಮೂನೆ ಬಿಡಿಸುವ ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಬರೆಯುತ್ತಾಳೆ. ನೇಕಾರರ ಸಂಘದ ಕೆಲಸ. ಬರೆದದ್ದನ್ನು ಯಾರು ಯಾವ ಫೈಲು ತಿದ್ದಿದರೆಂದು ಲೆಕ್ಕವಿಡುವ, ಎಲ್ಲರಿಗೂ ಸೇರಿದ ಗಿಟ್ ಭಂಡಾರಕ್ಕೆ ಹಾಕಿದರೆ, ಸಂಘದ ರೋಣದ ಕಚೇರಿಯಲ್ಲಿ ಭಂಡಾರ ನೋಡಿಕೊಳ್ಳುವ ಅಂದಾನಪ್ಪನವರು ಇಳಿಸಿಕೊಂಡು ಓಡಿಸುತ್ತಾರೆ.

ಓಡಬೇಕಲ್ಲ! ಇವಳ ಹತ್ತಿರ ಚೆನ್ನಾಗಿ ಓಡುವ ಸ್ಕ್ರಿಪ್ಟು ರೋಣಕ್ಕೆ ಹೋದ ಕೂಡಲೇ ‘ಅನುಮತಿ ಇಲ್ಲ’ ಎಂದು ಕೂತುಬಿಡುತ್ತಿತ್ತು. ಅಂದಾನಪ್ಪನವರು ತಮ್ಮ ಕಂಪ್ಯೂಟರಿನಲ್ಲಿ ಅನುಮತಿ ಕೊಟ್ಟುಕೊಳ್ಳಬೇಕು. ಹೊಸದಾಗಿ ಇಳಿಸಿದರೆ ಮತ್ತೆ ಅದೇ ಹಾಡು.

“ಕಳಸೂಕಿಂತ ಮೊದಲ ಒಮ್ಮೆ ನೋಡಾಕ ಆಗೂದಿಲ್ಲೇನವಾ?” ಎಂದು ಫೋನಿನಲ್ಲಿ ಗದರಿದರು.

“ನೋಡೇ ಕಳಸೀನ್ರಿ!” ಎಂದಳು ಸುಧಾರಾಣಿ.

ಸುಳ್ಳೇನಲ್ಲ. ಅವಳ ಲ್ಯಾಪ್‌ಟಾಪಿನ ಸಿಸ್ಟಮ್ ಬೇರೆ. ಅದು ‘ಈ ಫೈಲು ಓಡಬಹುದು’ ಎಂಬ ಅನುಮತಿಯ ಗುರುತನ್ನು ಕೇಳುವುದೂ ಇಲ್ಲ, ಇಡುವುದೂ ಇಲ್ಲ. ಗುರುತನ್ನು ಭಂಡಾರದಲ್ಲೇ ಹಾಕಬೇಕೆಂದು ಹುಡುಕಿ ತಿಳಿದುಕೊಂಡಳು. ಅಷ್ಟಕ್ಕೇ ಬಿಡಬಾರದಿತ್ತೇ? ಸಿಟ್ಟಿನ ಭರದಲ್ಲಿ ಇದ್ದಬದ್ದ ಫೈಲಿಗೆಲ್ಲ ಓಡುವ ಅನುಮತಿ ಕೊಟ್ಟು ಕಳಿಸಿದಳು. ಸೀರೆಯ ಫೋಟೋಗಳನ್ನೂ ಬಿಡಲಿಲ್ಲ. ಫೋಟೋ ಎಲ್ಲಿಗೆ ಓಡಬೇಕಿತ್ತೋ!

ಮರುದಿನ ನೋಡಿದರೆ ಭಂಡಾರದ ಪ್ರತಿ ಫೈಲೂ ಅವಳ ಹೆಸರಿನಲ್ಲಿ ಬದಲಾಗಿದೆ. ಉಳಿದವರು ನಿಜವಾಗಿ ಏನು ತಿದ್ದಿದ್ದಾರೆಂದು ಹುಡುಕುವುದೇ ಅಂದಾನಪ್ಪನವರಿಗೆ ತಲೆನೋವಾಯಿತು.

“ಸಂಜಿಯೊಳಗ ಸರಿ ಮಾಡು. ಇಲ್ಲಾಂದ್ರ ನೇರ ಹಾಕೂ ಹಕ್ಕು ತಗದಬಿಡ್ತೀನಿ. ಮುಂದ ಎಲ್ಲಾ ನನಗ ತೋರಿಸೇ ಹಾಕೂದು.”

ಸುಧಾರಾಣಿಗೆ ಅಳುವೇ ಬಂತು. ಯಾರನ್ನೂ ಕೇಳದೆ ಭಂಡಾರಕ್ಕೆ ಕೆಲಸ ಸೇರಿಸುವ ಹಕ್ಕು ಸಂಘದ ಹೆಣ್ಣುಮಕ್ಕಳಲ್ಲಿ ಇದ್ದದ್ದು ಅವಳೊಬ್ಬಳಿಗೇ. ಅದನ್ನು ತನ್ನ ಕೈಯಾರೆ ಕಳೆದುಕೊಳ್ಳುವುದೇ?

ವೀರವ್ವ ಲಾಳಿ ಬಿಟ್ಟು ತಿರುಗಿ ನೋಡಿದಳು. “ತಪ್ಪ ಎಳಿ ಬಿತ್ತಂತ ಸೀರೀನ ಹರೀತೀವೇನು? ಅಷ್ಟ ಬಿಚ್ಚು, ಮತ್ತ ನೇಯಿ.”

ಮಗಳು ಮೂಗೊರೆಸಿಕೊಂಡು ಕೂತಳು. ಆ ಬದಲಾವಣೆಯೊಂದನ್ನೇ ಹಿಂದಕ್ಕೆ ತೆಗೆದು, ಓಡಲೇಬೇಕಾದ ಸ್ಕ್ರಿಪ್ಟುಗಳಿಗೆ ಮಾತ್ರ ಗುರುತು ಹಾಕಿದಳು. ಆಮೇಲೆ ಬಸ್ಸು ಹತ್ತಿ ಸೀದಾ ರೋಣಕ್ಕೆ ಹೋದಳು.

“ಹಳೇದು ಬ್ಯಾಡ್ರಿ, ನನ್ನ ಮುಂದ ಹೊಸದಾಗಿ ಇಳಸ್ರಿ.”

ಅಂದಾನಪ್ಪನವರು ಇಳಿಸಿ ಓಡಿಸಿದರು. ಪರದೆಯ ಮೇಲೆ ಸೀರೆಯಂಚು ಸಾಲುಸಾಲಾಗಿ ಮೂಡಿತು.

“ಹಕ್ಕು ನಿನ್ನ ಹತ್ರಾನ ಇರಲಿ,” ಎಂದರು ಅವರು. “ಆದ್ರ ಸಿಟ್ಟಿನ್ಯಾಗ ಇದ್ದಾಗ ಭಂಡಾರ ಮುಟ್ಟಬ್ಯಾಡವಾ.”

“ಹಂಗಾದ್ರ ನಾ ಕೆಲಸ ಮಾಡೂದರ ಯಾವಾಗ್ರಿ?”