ಕೊಂಬೆ ತೂಗಿದರೂ ತಲೆ ತೂಗದ ಮರಿಗಳು

ಮೊದಲು ಬಂದದ್ದು ಕೆಮ್ಮು. ಅದಕ್ಕೆ ನಾನು ಮರ್ಯಾದೆ ಕೊಡಲಿಲ್ಲ.

ಅಟ್ಟದ ಧೂಳು ಕುಡಿದು ಬದುಕುವವನಿಗೆ ಕೆಮ್ಮು ನೆಂಟರಿದ್ದ ಹಾಗೆ. ಬರುತ್ತದೆ, ನಾಲ್ಕು ದಿನ ಇರುತ್ತದೆ, ಹೋಗುತ್ತದೆ. ಈ ಸಲ ಬಂದದ್ದು ಸಂಕ್ರಾಂತಿ ಕಳೆದರೂ ಹೊರಡಲಿಲ್ಲ. ಸಂಜೆಯಾದರೆ ಜ್ವರ. ಪಂಚೆ ಸೊಂಟದಲ್ಲಿ ನಿಲ್ಲದಾಯಿತು. ಒಂದು ಬೆಳಿಗ್ಗೆ ಟವೆಲ್ಲಿನ ಮೇಲೆ ಕೆಂಪು ಕಂಡಿತು. ನನ್ನ ಹೆಂಡತಿ ನಂಜಮ್ಮ ಅದನ್ನು ನೋಡಿ ಏನೂ ಮಾತಾಡಲಿಲ್ಲ. ಆಕೆ ಮಾತಾಡದಿರುವುದು ನಮ್ಮ ಮನೆಯಲ್ಲಿ ಅಪರೂಪದ ಘಟನೆಯಾದ್ದರಿಂದ, ನಾನು ಅಂದೇ ತಿಪಟೂರಿನ ಆಸ್ಪತ್ರೆಗೆ ಹೋದೆ.

ಎಕ್ಸ್‌ರೇ ಆಯಿತು. ಕಫ ಪರೀಕ್ಷೆ ಆಯಿತು.

ಟಿ.ಬಿ.

ದಿನಕ್ಕೊಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಮುಷ್ಟಿ ತುಂಬ ಮಾತ್ರೆ. ಮನೆಯಲ್ಲಿ ನನ್ನ ತಟ್ಟೆ ಲೋಟಗಳು ಬೇರೆಯಾದವು. ಕಾಂಪೌಂಡರ್ ಸೂಜಿ ಕುದಿಸುವುದನ್ನು ನೋಡುತ್ತ ಬೆಂಚಿನ ಮೇಲೆ ಕೂರುವುದೇ ನನ್ನ ನಿತ್ಯಪೂಜೆಯಾಯಿತು. ಆರು ವಾರದಲ್ಲಿ ಜ್ವರ ಬಿಟ್ಟಿತು. ಕಫದಲ್ಲಿ ಈಗ ಏನೂ ಇಲ್ಲ, ಸಣ್ಣಪುಟ್ಟ ಕೆಲಸ ಮಾಡಬಹುದು ಎಂದರು ಡಾಕ್ಟರು. ಗೆದ್ದೆ ಅಂದುಕೊಂಡೆ.

ನನ್ನ ಕೆಲಸವನ್ನು ಇಲ್ಲಿ ಹೇಳಬೇಕು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಮೊದಲೇ ಒಡೆದರೆ ಕೊಬ್ಬರಿ ಹಸಿ; ಬೂಷ್ಟು ಹಿಡಿದು ವರ್ಷದ ಬೆಳೆ ಹಾಳು. ಹಂದನಕೆರೆಯಿಂದ ಮಾಯಸಂದ್ರದವರೆಗೆ ನೂರಾರು ಮನೆಯವರು ಅಟ್ಟಕ್ಕೆ ನನ್ನನ್ನು ಹತ್ತಿಸಿ, ನಾನು ಕಾಯಿ ಅಲ್ಲಾಡಿಸಿ ಕೇಳಿ ‘ಇಳಿಸಿ’ ಅಂದಮೇಲೆಯೇ ಇಳಿಸುತ್ತಿದ್ದರು. ಅಟ್ಟದಲ್ಲಿ ಒಣ ನಾರು, ಆದ್ದರಿಂದ ದೀಪ ತರುವಂತಿಲ್ಲ. ಪೂರಾ ಕತ್ತಲು. ‘ಕಣ್ಣು ಸುಳ್ಳು ಹೇಳ್ತದೆ, ಕಿವಿ ಹೇಳಲ್ಲ’ ಎನ್ನುವುದು ನಮ್ಮಪ್ಪನ ಮಾತು. ಮೂವತ್ತು ವರ್ಷ ನಾನು ಆ ಮಾತನ್ನೂ ಆ ಕತ್ತಲನ್ನೂ ಪದವಿಯ ಹಾಗೆ ಧರಿಸಿಕೊಂಡು ಓಡಾಡಿದ್ದೆ.

ಏಳನೆಯ ವಾರ ಕಿವಿಯಲ್ಲಿ ಜೀರುಂಡೆ ಕೂಗತೊಡಗಿತು. ತಲೆ ತಿರುಗಿಸಿದರೆ ಒಳಗೆ ಏನೋ ತುಳುಕಿದ ಹಾಗೆ. ಬೇರೆಯವರಾಗಿದ್ದರೆ ಡಾಕ್ಟರಿಗೆ ಹೇಳುತ್ತಿದ್ದರು. ನಾನು ತಜ್ಞ. ಮೂವತ್ತು ವರ್ಷದ ಅನುಭವವನ್ನೆಲ್ಲ ಉಪಯೋಗಿಸಿ ನನ್ನ ತಲೆಯನ್ನು ನಾನೇ ಅಲ್ಲಾಡಿಸಿ ನೋಡಿ, ಜ್ವರದ ನೀರು ಇನ್ನೂ ಇಂಗಿಲ್ಲ, ಬಿಟ್ಟರೆ ಒಣಗುತ್ತದೆ ಎಂದು ತೀರ್ಮಾನಿಸಿದೆ. ನಂಜಮ್ಮನಿಗೂ ಹೇಳಲಿಲ್ಲ. ದಿನಾ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದೆ.

ಜೀರುಂಡೆ ಕೂಗತೊಡಗಿದ ಹದಿನೆಂಟನೆಯ ದಿನ ಹಂದನಕೆರೆಯ ಮಲ್ಲೇಗೌಡರ ಮನೆಯ ಅಟ್ಟ ಹತ್ತಿದೆ. ಕತ್ತಲಲ್ಲಿ ಎದ್ದು ನಿಂತೆ.

ಅಟ್ಟವೇ ಮಗುಚಿತು.

ನಾನು ಕಾಯಿಗಳ ಮೇಲೆ ಬಿದ್ದೆ. ಕಾಯಿಗಳು ಏಣಿಯ ಬಾಯಿಂದ ಮಲ್ಲೇಗೌಡರ ಮುಂದೆ ದಬದಬ ಉದುರಿದವು. ಅವರು ಮೇಲೆ ಬಂದು, ತಬ್ಬಿ ಹಿಡಿದು ನನ್ನನ್ನು ಇಳಿಸಿ, ಗಾಬರಿಯಲ್ಲೂ ಒಂದು ಮಾತು ಆಡದೆ ಬಿಡಲಿಲ್ಲ: “ಏನ್ ಶಿವಣ್ಣೋರೇ, ನಾನ್ ಕಾಯಿ ನೋಡಕ್ಕೆ ಅಂತ ಹತ್ತಿಸಿದ್ರೆ ನೀವೇ ಕಾಯಿ ಥರ ಉದುರ್ತಿದ್ರಲ್ಲ.”

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ನಿಲ್ಲಲಾಗಲಿಲ್ಲ.

“ಕಿವಿ ಗುಂಯ್ ಅನ್ನೋದು ಎಷ್ಟು ದಿನದಿಂದ?”

“ಹದಿನೆಂಟು ದಿನ ಆಯ್ತು ಸಾರ್.”

“ಮತ್ತೆ ಯಾಕ್ರೀ ಹೇಳ್ಲಿಲ್ಲ?”

“ಒಣಗ್ಲಿ ಅಂತ ಬಿಟ್ಟಿದ್ದೆ ಸಾರ್.”

ಅವರು ಪೆನ್ನು ಕೆಳಗಿಟ್ಟರು. ದೇಹವನ್ನು ನೆಟ್ಟಗೆ ನಿಲ್ಲಿಸುವ ಅಂಗವೊಂದು ಒಳಕಿವಿಯಲ್ಲಿದೆ, ಈ ಇಂಜೆಕ್ಷನ್ ಕೆಲವರಿಗೆ ಅದನ್ನು ಸುಡುತ್ತದೆ, ಮೊದಲ ದಿನವೇ ಹೇಳಿದ್ದರೆ ಅಂದೇ ನಿಲ್ಲಿಸುತ್ತಿದ್ದೆ ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಇಂಜೆಕ್ಷನ್ ನಿಲ್ಲಿಸಿ ಬೇರೆ ಮಾತ್ರೆ ಬರೆದರು. ಹೋದದ್ದು ತಿರುಗಿ ಬರುವುದಿಲ್ಲ, ಕಣ್ಣಿನ ಆಸರೆಯಲ್ಲಿ ನಡೆಯಲು ಹೊಸದಾಗಿ ಕಲಿಯಬೇಕು, ದಿನಾ ಬೆಳಿಗ್ಗೆ ಬಯಲಿನಲ್ಲಿ, ದೂರದ ಒಂದು ವಸ್ತುವನ್ನು ದಿಟ್ಟಿಸುತ್ತ ನಡೆಯಬೇಕು ಎಂದರು.

“ಅಟ್ಟ ಹತ್ತಬಹುದಾ ಸಾರ್?”

“ಮೊದಲು ನೆಲದ ಮೇಲೆ ನಡೀರಿ.”

ಹೀಗೆ ನಾನು ಐವತ್ತೊಂದನೆಯ ವಯಸ್ಸಿನಲ್ಲಿ ನಡೆಯುವುದನ್ನು ಕಲಿಯಲು ಪುರಸಭೆಯ ಪಾರ್ಕಿಗೆ ಸೇರಿಕೊಂಡೆ. ಹಿಂದೆ ಮಡಚಿದ ಛತ್ರಿ ಹಿಡಿದ ನಂಜಮ್ಮ. ಬಿದ್ದರೆ ಹಿಡಿಯಲೋ, ಬಿದ್ದಮೇಲೆ ಬಾರಿಸಲೋ ತಿಳಿಯದು. ಹೆಜ್ಜೆ ಇಟ್ಟರೆ ರೇಡಿಯೋ ಕಂಬ ಕುಣಿಯುತ್ತಿತ್ತು. ವಾಟರ್ ಟ್ಯಾಂಕ್ ಕುಣಿಯುತ್ತಿತ್ತು. ಹಣೆ ತುಂಬ ವಿಭೂತಿ ಬಳಿದುಕೊಂಡು ಏಳು ಗಂಟೆಗೆ ತೂರಾಡುವ ನನ್ನನ್ನು ಪಾರ್ಕಿನ ಮಾಲಿ ಸಿದ್ದಪ್ಪ ಎರಡು ದಿನ ಸುಮ್ಮನೆ ನೋಡಿದ. ಮೂರನೆಯ ದಿನ ಹತ್ತಿರ ಬಂದು, “ಸಂಜೆಗಾದ್ರೂ ಇಟ್ಕಳಿ ಯಜಮಾನ್ರೇ, ಬೆಳಿಗ್ಗೆ ಬೆಳಿಗ್ಗೆನೇ ಯಾಕೆ” ಎಂದ. ನಂಜಮ್ಮ ಕಾಯಿಲೆಯ ಪುರಾಣವನ್ನೆಲ್ಲ ಹೇಳಿದಳು. ಅಂದಿನಿಂದ ಅವನು ನಾನು ನಡೆಯುವ ದಾರಿಯ ಕಲ್ಲು ಹೆಕ್ಕತೊಡಗಿದ.

ಒಂದು ದಿನ ನಾಲ್ಕು ಸಲ ಬಿದ್ದು, ಸಾಕೆಂದು ಬೆಂಚಿನ ಮೇಲೆ ಕೂತೆ. ಕೂತರೆ ಲೋಕ ನಿಲ್ಲುತ್ತಿತ್ತು. ಎದುರಿಗೆ ಹಳೆಯ ಬೇವಿನಮರ. ಅದರ ಹೊರಕೊಂಬೆಯ ಮೇಲೆ ಮೂರು ಕಂದು ಮುದ್ದೆ. ಎದೆಯ ಮೇಲೆ ಗೀರು ಗೀರು, ತಿಳಿಹಳದಿ ಕಣ್ಣು. ಗಿಡುಗದ ಮರಿಗಳು. ಗೂಡು ಬಿಟ್ಟು ಕೊಂಬೆಗೆ ಬಂದಿವೆ, ಹಾರಲು ಇನ್ನೂ ಧೈರ್ಯವಿಲ್ಲ.

ಗಾಳಿ ಬಂತು. ಕೊಂಬೆ ಒಂದು ಮೊಳ ಆಚೆ, ಒಂದು ಮೊಳ ಈಚೆ ತೂಗಿತು. ಮರಿಗಳ ಮೈ ಕೊಂಬೆಯ ಜೊತೆ ತೂಗಿತು. ತಲೆ ಮಾತ್ರ ಆಕಾಶಕ್ಕೆ ಮೊಳೆ ಹೊಡೆದ ಹಾಗೆ ಇದ್ದಲ್ಲೇ ಇತ್ತು.

ನನ್ನಿಂದ ಏನು ಹೋಗಿದೆಯೆಂದು ಡಾಕ್ಟರು ಬಾಯಲ್ಲಿ ಹೇಳಿದ್ದರು. ಅದು ಎಂಥದ್ದೆಂದು ಈಗ ಕಣ್ಣಿಗೆ ಕಂಡಿತು. ಹುಟ್ಟಿ ತಿಂಗಳೂ ಆಗದ, ಇನ್ನೂ ಅಲ್ಲಲ್ಲಿ ಬಿಳಿ ತುಪ್ಪುಳ ಅಂಟಿಕೊಂಡಿದ್ದ ಜೀವದೊಳಗೆ ಅದನ್ನು ಯಾರು ಇಟ್ಟರು, ಯಾವಾಗ ಇಟ್ಟರು? ನನ್ನೊಳಗೂ ಐವತ್ತು ವರ್ಷ ಅದು ಸದ್ದಿಲ್ಲದೆ ದುಡಿದಿತ್ತು. ಒಂದು ದಿನವೂ ನಾನು ಅದನ್ನು ವಿಚಾರಿಸಿಕೊಂಡಿರಲಿಲ್ಲ.

ಆಮೇಲೆ ನಾನು ಪಾರ್ಕಿಗೆ ಹೋದದ್ದು ನಡೆಯಲು ಅಲ್ಲ, ಮರಿಗಳನ್ನು ನೋಡಲು. ಅದನ್ನು ನಂಜಮ್ಮನಿಂದ ಮುಚ್ಚಿಡಲು ನಡೆದೆ.

ವಾರದೊಳಗೆ ದೊಡ್ಡ ಮರಿಗಳೆರಡು ಹಾರಿದವು. ಸಿದ್ದಪ್ಪ ಗಿಡದ ಬುಡ ತಂಪಾಗಿರಲೆಂದು ತೆಂಗಿನಕಾಯಿಯ ಮಟ್ಟೆ ಹಾಕಿದ್ದ. ಒಂದು ಮರಿ ಮೇಲಿನಿಂದ ನೋಡಿತು, ಕತ್ತು ಏರಿಸಿತು, ಇಳಿಸಿತು, ಬಾಣದಂತೆ ಬಂದು ಮಟ್ಟೆಗೆ ಎರಗಿತು. ರೆಕ್ಕೆ ಹರಡಿ ಅದರ ಮೇಲೆ ಕವುಚಿಕೊಂಡು, ಯಾರಾದರೂ ಕಸಿದುಕೊಂಡಾರೆಂದು ಸುತ್ತ ನೋಡಿತು. ಯಾರೂ ಬರಲಿಲ್ಲ. ಒಂದು ಎಳೆ ನಾರು ಕಿತ್ತು ಮೇಲಕ್ಕೆ ಹಾರಿ, ಟ್ಯಾಂಕಿನ ಎತ್ತರದಲ್ಲಿ ಅದನ್ನು ಬಿಟ್ಟಿತು. ನಾರು ಸುಳಿಯುತ್ತ ಇಳಿಯುವಾಗ ಇನ್ನೊಂದು ಮರಿ ಅಂಗಾತ ಮಗುಚಿ ಕಾಲಿನಿಂದ ಹಿಡಿಯಿತು. ಮೊದಲನೆಯದು ಅದನ್ನು ಅಟ್ಟಿಸಿಕೊಂಡು ಹೋಯಿತು. ಎಲೆಗಳ ನಡುವೆ, ಕಂಬದ ಸುತ್ತ, ಟ್ಯಾಂಕಿನ ಕಾಲುಗಳ ಸಂದಿಯಲ್ಲಿ, ಒಂದು ಗರಿಯೂ ತಗಲದ ಹಾಗೆ. ಕಾಗೆಗಳು ಸಭೆ ಸೇರಿ ಖಂಡಿಸಿದವು. ತೆಂಗಿನಕಾಯಿಯ ಜೊತೆಯಲ್ಲೇ ಬಾಳಿದವನು ನಾನು. ಮಟ್ಟೆಯನ್ನು ಬೇಟೆಯಾಡಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಆಗಲೇ ಸಿದ್ದಪ್ಪ ಕೊಡ ಕೆಳಗಿಟ್ಟು ಎರಡು ಕಿವಿಯನ್ನೂ ಮುಚ್ಚಿಕೊಂಡ. “ಏನ್ ಕಿರುಚ್ತವೆ ಕಣ್ರೀ ಮುಂಡೇವು. ಕಿವಿ ತೂತು ಬಿದ್ದೋಯ್ತು.”

ನಾನು ಮೇಲೆ ನೋಡಿದೆ. ಮರಿಗಳ ಕೊಕ್ಕು ತೆರೆದಿತ್ತು. ಗಂಟಲು ಮಿಡಿಯುತ್ತಿತ್ತು.

ನನಗೆ ಏನೂ ಕೇಳಿಸುತ್ತಿರಲಿಲ್ಲ.

ಒಳಕಿವಿಯ ಬೆಂಕಿ ಇನ್ನೂ ಏನನ್ನೆಲ್ಲ ಸುಟ್ಟಿದೆಯೋ! ಡಾಕ್ಟರನ್ನು ಕೇಳಿದರೆ ತೀಕ್ಷ್ಣ ದನಿ ಮೊದಲು ಹೋಗುತ್ತದೆ, ದಪ್ಪ ದನಿ ಉಳಿದೀತು ಎಂದರು. ಉಳಿದಿದೆ ಅನ್ನಲಿಲ್ಲ, ಉಳಿದೀತು ಅಂದರು. ಅಂದು ಸಂಜೆ ನಂಜಮ್ಮ ನಮ್ಮ ಅಟ್ಟದ ಒಂದು ಒಣಕಾಯಿ ತಂದು ಮುಂದಿಟ್ಟಳು.

“ಅಲ್ಲಾಡ್ಸಿ ನೋಡಿ.”

“ಬೇಡ.”

“ಗೊತ್ತಾಗಿ ಬುಡ್ಲಿ ಅತ್ಲಾಗೆ.”

ನಾನು ಮುಟ್ಟಲಿಲ್ಲ. ಕೇಳಿಸದಿದ್ದರೆ ನಾನು ಯಾರು? ಕಾಯಿ ಮೂಲೆಯಲ್ಲಿ ಹಾಗೇ ಕೂತಿತ್ತು. ತಿಂಗಳ ಮೇಲಾಯಿತು. ಆಕೆ ಕಸ ಗುಡಿಸುವಾಗ ಅದನ್ನು ಎತ್ತದೆ ಸುತ್ತ ಗುಡಿಸುತ್ತಿದ್ದಳು.

ಮೂರನೆಯ ಮರಿ ಸಣ್ಣದು. ಹಾರಲು ಬರುತ್ತಿತ್ತು, ಕೂರಲು ಬರುತ್ತಿರಲಿಲ್ಲ. ಕೊಂಬೆಯ ಹತ್ತಿರ ಬಂದು ವೇಗ ತಡೆಯಲಾಗದೆ ದಾಟಿ ಹೋಗುತ್ತಿತ್ತು, ಇಲ್ಲವೆ ಹಿಡಿದು ತಲೆಕೆಳಗಾಗಿ ನೇತಾಡುತ್ತಿತ್ತು. ಒಮ್ಮೆ ಕ್ರೋಟನ್ ಗಿಡದೊಳಗೆ ಬಿತ್ತು. ಸಿದ್ದಪ್ಪ ಎತ್ತಲು ಹೋದ. ನಾನು ತಡೆದೆ. ಅದು ಕೊಕ್ಕಿನಿಂದ ಕಚ್ಚಿ, ಉಗುರಿನಿಂದ ತಬ್ಬಿ, ಬೇವಿನ ಕಾಂಡವನ್ನೇ ಏಣಿ ಮಾಡಿಕೊಂಡು ಮೇಲೆ ಹತ್ತಿತು. ಮರುದಿನ ಬಂದರೆ ಅದು ದೂರದಿಂದಲೇ ಕೊಂಬೆಯ ಒಂದು ಜಾಗವನ್ನು ದಿಟ್ಟಿಸುತ್ತ, ಕಣ್ಣು ಕೀಳದೆ, ಕೆಳಗಿನಿಂದ ಮೇಲಕ್ಕೆ ಬಾಗಿ ಬಂದು ಕೂತಿತು. ಡಾಕ್ಟರು ಹೇಳಿದ್ದೂ ಅದನ್ನೇ. ಅವರಿಗೆ ರೆಕ್ಕೆ ಬಾಲವಿಲ್ಲದ್ದರಿಂದ ನನಗೆ ಅರ್ಥವಾಗಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಆ ಸಣ್ಣದು ತಾನೇ ಒಂದು ಓತಿಕ್ಯಾತ ಹಿಡಿಯಿತು. ನಾನು ನೋಡುತ್ತ ನೋಡುತ್ತ ಬೇವಿನ ಬುಡದಲ್ಲಿ ನಿಂತಿದ್ದೆ, ತಲೆ ಎತ್ತಿ. ಬೆಂಚು ಮೂವತ್ತು ಹೆಜ್ಜೆ ಹಿಂದಿತ್ತು. ನಂಜಮ್ಮ, ಛತ್ರಿ ಎರಡೂ ಅಲ್ಲೇ ಇದ್ದವು. ತಿರುಗಿ ಬರುವಾಗ ಬಿದ್ದೆ. ಹೇಳುವುದಕ್ಕೆ ಚೆನ್ನಾಗಿರಲಿ ಅಂತ ಅದನ್ನು ಬಿಡುವುದು ಸರಿಯಲ್ಲ.

ಹೋದ ವಾರ ಮಲ್ಲೇಗೌಡರು ಮನೆಗೆ ಬಂದರು. ಮೂಲೆಯ ಕಾಯಿಯನ್ನು ನೋಡಿದರು, ನಂಜಮ್ಮನನ್ನು ನೋಡಿದರು. ಅವತ್ತು ಉದುರಿದ್ದನ್ನೆಲ್ಲ ಮತ್ತೆ ಮೇಲೆ ಹಾಕಿದ್ದರಂತೆ. “ನೀವು ಹೇಳೋಗಂಟ ಒಂದ್ ಕಾಯಿನೂ ಇಳ್ಸಲ್ಲ. ಯಾವಾಗ ಬತ್ತೀರಾ?”

ಮೂವತ್ತು ವರ್ಷದಲ್ಲಿ ಯಾರನ್ನೂ ಬೇಡದ ಒಂದನ್ನು ಬೇಡಿದೆ. ಅಪ್ಪ ಬದುಕಿದ್ದರೆ ನಾಚುತ್ತಿದ್ದರು.

“ಗೌಡ್ರೇ, ಎರಡು ಹೆಂಚು ತೆಗೆಸ್ತೀರಾ? ನನಗೀಗ ಬೆಳಕು ಬೇಕು.”

“ಎರಡ್ಯಾಕೆ, ನಾಕ್ ತೆಗುಸ್ತೀನಿ ಬನ್ನಿ.”

ಮರುದಿನ ಹಂದನಕೆರೆಯಲ್ಲಿ, ಏಣಿಯ ಕೆಳಗೆ ನಂಜಮ್ಮ, ನಡುವೆ ಗೌಡರ ಕೈ. ಮೇಲೆ ಹೋಗಿ ನಿಲ್ಲಲಿಲ್ಲ. ತೊಲೆ ಹಿಡಿದು ಕೂತೆ. ತೆಗೆದ ಹೆಂಚಿನಿಂದ ಬಿಸಿಲಿನ ಕೋಲೊಂದು ಕಾಯಿರಾಶಿಯ ಮೇಲೆ ನಿಂತಿತ್ತು. ಮೂವತ್ತು ವರ್ಷ ಹತ್ತಿದ ಅಟ್ಟಗಳಲ್ಲಿ ಒಂದನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಆ ಬೆಳಕಿನಲ್ಲಿ ಒಂದು ಕಾಯಿಯನ್ನು ದಿಟ್ಟಿಸಿದೆ. ಲೋಕ ನಿಂತಿತು. ಅದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದೆ. ಕಣ್ಣನ್ನು ಬಿಸಿಲಿನ ಕೋಲಿಗೆ ನೆಟ್ಟು ಅಲ್ಲಾಡಿಸಿದೆ.

ಗಡಗಡ.

ಇನ್ನೊಂದು ಎತ್ತಿದೆ. ಇನ್ನೊಂದು. ಜೀರುಂಡೆ ಕೂಗುತ್ತಲೇ ಇತ್ತು, ಬಹುಶಃ ನಾನಿರುವ ತನಕ ಕೂಗುತ್ತದೆ. ಗಿಡುಗದ ಮರಿಗಳ ದನಿ ನನಗೆ ಇನ್ನು ಸಿಗುವುದಿಲ್ಲ. ಕೊಕ್ಕು ತೆರೆದಾಗ ಸಿದ್ದಪ್ಪನ ಮುಖ ನೋಡಿ ತಿಳಿದುಕೊಳ್ಳಬೇಕು. ಆದರೆ ಆ ಜೀರುಂಡೆಯ ಹಿಂದೆ, ಕೆಳಗೆ, ದಪ್ಪಗೆ, ಕರಟದೊಳಗೆ ಕೊಬ್ಬರಿ ಉರುಳುವ ಸದ್ದು ಇತ್ತು.

“ಇಳಿಸಿ” ಎಂದೆ.

ಕೆಳಗೆ ನಂಜಮ್ಮ ಮಾತಾಡಲಿಲ್ಲ. ಈ ವರ್ಷ ಅದು ಎರಡನೆಯ ಸಲ. ಆಮೇಲೆ ಗೌಡರ ದನಿ ಬಂತು, ಮೋಡ ಆಗ್ತಾ ಇದೆ, ಹೆಂಚು ಮುಚ್ಚಿಸಲಾ ಎಂದು.

“ಇರ್ಲಿ ಬುಡಿ ಗೌಡ್ರೇ,” ಎಂದೆ, “ನಾನು ಇಳಿಯೋಗಂಟ.”